ಅಗ್ಗದ ಅಂಗಡಿ

ಮನುಷ್ಯನು ತನಗೆ ಬೇಕಾದುದೆಲ್ಲವನ್ನೂ ತಾನೇ ಬೆಳೆದು, ತಾನೇ ನೂತು ನೇಯ್ದು ಬದುಕುತ್ತಿದ್ದ ಕಾಲ ಬಹಳ ಹಿಂದೆ ಸರಿದುಹೋಯಿತು. ಇಂದು ಹಳ್ಳಿಯವನೂ ನಗರವಾಸಿಯೂ ಅನೇಕ ಪದಾರ್ಥಗಳನ್ನು ಕೊಂಡು ತಂದೇ ಜೀವನ ಸಾಗಿಸಬೇಕು. ಕೊಳ್ಳುವ ಕಾರ್ಯ ಎಲ್ಲರಿಗೂ ಒಂದೇ ಆದರೂ ಅದರ ಭಾರ ಎಲ್ಲರಿಗೂ ಒಂದೇ ಅಲ್ಲ. ಉಳ್ಳವನಿಗೆ ಅಂಗಡಿಗೆ ಹೋಗುವುದು ಒಂದು ವಿಹಾರ. ಇಲ್ಲದವನಿಗೆ ಅದು ಒಂದು ಕಠಿಣವಾದ ಲೆಕ್ಕ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ ಎಂಬಾತನು 1857ರಲ್ಲಿ ಕುಟುಂಬಗಳ ಆಯವ್ಯಯಗಳನ್ನು ಪರಿಶೀಲಿಸಿ ಒಂದು ನಿಯಮವನ್ನು ಕಂಡುಹಿಡಿದನು. ಕುಟುಂಬ ಬಡವಾದಷ್ಟೂ ಅದರ ಆದಾಯದಲ್ಲಿ ಆಹಾರಕ್ಕಾಗಿ ವೆಚ್ಚವಾಗುವ ಪಾಲು ಹೆಚ್ಚುತ್ತದೆ ಎಂಬುದೇ ಆ ನಿಯಮ. ಆದುದರಿಂದ ಅಕ್ಕಿ, ಹಿಟ್ಟು, ಹಾಲುಗಳ ಬೆಲೆ ಸ್ವಲ್ಪ ಏರಿದರೂ ಶ್ರೀಮಂತನು ಅದನ್ನು ಗಮನಿಸದೆ ಇರಬಹುದು. ಬಡವನ ಮನೆಯಲ್ಲಿ ಮಾತ್ರ ಆ ಏರಿಕೆ ಅಂದಿನ ರಾತ್ರಿಯ ಊಟದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಬಡವರು ವಾಸಿಸುವ ನಗರಭಾಗಗಳಲ್ಲಿ ಪದಾರ್ಥಗಳನ್ನು ಅಗ್ಗವಾಗಿ ಮಾರುವ ಅಂಗಡಿ ಹೇಗೆ ನಡೆಯುತ್ತದೆ? ಅಲ್ಲಿ ಬೆಲೆ ಏಕೆ ಇಳಿಯುತ್ತದೆ? ಅಂತಹ ಅಂಗಡಿ ಇದ್ದರೆ ಏನು, ಇಲ್ಲದಿದ್ದರೆ ಏನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕ ಸಂಯುಕ್ತ ಸಂಸ್ಥಾನದ ಷಿಕಾಗೊ ನಗರ ತಕ್ಕ ಸ್ಥಳವಾಗಿದೆ.

ಷಿಕಾಗೊ ಎಂದೊಡನೆ ಭಾರತೀಯರಿಗೆ 1893ರ ಸರ್ವಧರ್ಮ ಸಮ್ಮೇಳನವೂ ಅಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣವೂ ನೆನಪಿಗೆ ಬರುತ್ತವೆ. ಮಿಷಿಗನ್ ಸರೋವರದ ದಡದಲ್ಲಿರುವ ಈ ಮಹಾನಗರದಲ್ಲಿ ಗಗನಚುಂಬಿ ಕಟ್ಟಡಗಳಿರುವಂತೆಯೇ ಬಡವರ ಬಡಾವಣೆಗಳೂ ಇವೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಕಪ್ಪು ಜನಾಂಗದ ಲಕ್ಷಾಂತರ ಮಂದಿ ಕೆಲಸವನ್ನು ಅರಸಿ ಉತ್ತರದ ನಗರಗಳಿಗೆ ಬಂದರು. ಷಿಕಾಗೊವಿಗೆ ಬಂದವರಿಗೆ ಉಕ್ಕಿನ ಕಾರ್ಖಾನೆಗಳಲ್ಲಿಯೂ ಮಾಂಸ ಸಂಸ್ಕರಣದ ಕೇಂದ್ರಗಳಲ್ಲಿಯೂ ಕೆಲಸ ದೊರೆಯಿತು. ಕಾಲಕ್ರಮದಲ್ಲಿ ಆ ಉದ್ಯಮಗಳು ಒಂದೊಂದಾಗಿ ಮುಚ್ಚಿದುವು. ಅಲ್ಲಿನ ಪ್ರಸಿದ್ಧವಾದ ಜಾನುವಾರು ಕೇಂದ್ರ 1971ರಲ್ಲಿ ಬಾಗಿಲು ಹಾಕಿತು. ಕೆಲಸ ಹೋದ ಮೇಲೆ ಸ್ಥಿತಿವಂತರು ಬೇರೆಡೆಗೆ ತೆರಳಿದರು; ಅವರ ಹಿಂದೆಯೇ ಅಂಗಡಿಗಳೂ ತೆರಳಿದುವು. ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಉಳಿದವರಿಗೆ ದಿನಬಳಕೆಯ ತಾಜಾ ತರಕಾರಿಯನ್ನು ಕೊಳ್ಳುವುದೂ ಒಂದು ಪ್ರಯಾಸವಾಯಿತು. ಇಂತಹ ಬಡಾವಣೆಗಳಲ್ಲಿಯೇ ಕೆಲವು ಅಗ್ಗದ ಅಂಗಡಿಗಳು ನೆಲೆಯೂರಿದುವು. ಅವುಗಳಲ್ಲಿ ಜರ್ಮನಿಯಿಂದ ಬಂದ 'ಆಲ್ಡಿ' ಎಂಬ ಹೆಸರಿನ ಅಂಗಡಿಗಳು ಮುಖ್ಯವಾದುವು.

ಈ ಅಂಗಡಿಯ ಬಾಗಿಲಿನ ಹೊರಗೆ ಚಕ್ರಗಳುಳ್ಳ ತಳ್ಳುಗಾಡಿಗಳು ಒಂದಕ್ಕೊಂದು ಸರಪಳಿಯಿಂದ ಬಂಧಿತವಾಗಿ ಸಾಲಾಗಿ ನಿಂತಿರುತ್ತವೆ. ಗಾಡಿ ಬೇಕಾದವರು ಅದರ ಹಿಡಿಕೆಯಲ್ಲಿರುವ ಸೀಳಿನಲ್ಲಿ ಇಪ್ಪತ್ತೈದು ಸೆಂಟಿನ ಒಂದು ನಾಣ್ಯವನ್ನು ತೂರಿಸಬೇಕು. ಆಗ ಸರಪಳಿ ಕಳಚುತ್ತದೆ. ಕೆಲಸ ಮುಗಿದ ಬಳಿಕ ಗಾಡಿಯನ್ನು ಮೊದಲಿನ ಸಾಲಿಗೆ ಸೇರಿಸಿ ಸರಪಳಿ ತೊಡಿಸಿದರೆ ನಾಣ್ಯ ಮರಳಿ ಕೈಗೆ ಬರುತ್ತದೆ. ಇದು ಬಾಡಿಗೆಯಲ್ಲ, ಒತ್ತೆ ಮಾತ್ರ. ಹೊಸಬರಿಗೆ ಇದು ಜಿಪುಣತನದಂತೆ ತೋರಬಹುದು. ಆದರೆ ಬೇರೆ ಅಂಗಡಿಗಳಲ್ಲಿ ಗಿರಾಕಿಗಳು ಎಲ್ಲೆಂದರಲ್ಲಿ ಬಿಟ್ಟುಹೋದ ಗಾಡಿಗಳನ್ನು ಕೂಡಿಸಿ ತರಲು ಸಂಬಳದ ಆಳುಗಳಿರಬೇಕು; ಕಳೆದುಹೋದ ಗಾಡಿಗಳಿಗೆ ಬದಲಾಗಿ ಹೊಸವನ್ನು ಕೊಳ್ಳಬೇಕು. ಆ ವೆಚ್ಚವೆಲ್ಲ ಕೊನೆಗೆ ಹಾಲಿನ ಬೆಲೆಯಲ್ಲಿಯೋ ರೊಟ್ಟಿಯ ಬೆಲೆಯಲ್ಲಿಯೋ ಸೇರುತ್ತದೆ. ಒಂದು ನಾಣ್ಯದ ಒತ್ತೆ ಆ ವೆಚ್ಚವನ್ನು ತಪ್ಪಿಸುತ್ತದೆ. ಎಷ್ಟೋ ವೇಳೆ ಹೊರಗೆ ಬರುತ್ತಿರುವ ವೃದ್ಧೆಯೊಬ್ಬಳು ಒಳಗೆ ಹೋಗುತ್ತಿರುವ ಅಪರಿಚಿತನಿಗೆ ತನ್ನ ಗಾಡಿಯನ್ನೇ ಒಪ್ಪಿಸಿ ಅವನ ನಾಣ್ಯವನ್ನು ಪಡೆಯುವುದುಂಟು. ಕೆಲವರು ನಾಣ್ಯವನ್ನು ಬೇಡವೆಂದು ನಕ್ಕು ಮುಂದೆ ಸಾಗುವುದೂ ಉಂಟು.

ಒಳಗೆ ಅಲಂಕಾರ ಬಹಳ ಕಡಮೆ. ಸಾಮಾನುಗಳನ್ನು ಒಂದೊಂದಾಗಿ ಎತ್ತಿ ಚೆಲುವಾಗಿ ಜೋಡಿಸಿರುವುದಿಲ್ಲ. ಕಾರ್ಖಾನೆಯಿಂದ ಬಂದ ರಟ್ಟಿನ ಪೆಟ್ಟಿಗೆಗಳ ಮುಂಭಾಗವನ್ನು ಕತ್ತರಿಸಿ, ಪೆಟ್ಟಿಗೆಯ ಸಹಿತ ಅಡ್ಡಣಿಗೆಯ ಮೇಲೆ ಇಟ್ಟಿರುತ್ತಾರೆ. ಇಪ್ಪತ್ತು ಡಬ್ಬಿಗಳನ್ನು ಇಪ್ಪತ್ತು ಸಲ ಎತ್ತಿಡುವ ಬದಲು ಒಂದೇ ಸಲ ಎತ್ತಿಟ್ಟರೆ ಆಳಿನ ಸಮಯ ಎಷ್ಟು ಉಳಿಯುತ್ತದೆ ಎಂಬುದನ್ನು ಊಹಿಸಬಹುದು. ದೊಡ್ಡ ಅಂಗಡಿಯಲ್ಲಿ ಮೂವತ್ತು ಸಾವಿರ ಬಗೆಯ ವಸ್ತುಗಳಿದ್ದರೆ ಇಲ್ಲಿರುವುದು ಒಂದೆರಡು ಸಾವಿರಕ್ಕೂ ಮೀರದಷ್ಟು. ಅಲ್ಲಿ ಟೊಮೇಟೊ ಗೊಜ್ಜಿನಲ್ಲಿ ಹತ್ತು ಹೆಸರುಗಳಿದ್ದರೆ ಇಲ್ಲಿ ಒಂದೋ ಎರಡೋ ಮಾತ್ರ. ಅವುಗಳಲ್ಲಿಯೂ ಬಹುಪಾಲು, ಪ್ರಸಿದ್ಧ ಕಂಪನಿಗಳ ಹೆಸರಿನವಲ್ಲ. ಅಂಗಡಿಯವರು ತಮ್ಮದೇ ಹೆಸರಿನಲ್ಲಿ ತಯಾರಿಸಿ ತರಿಸಿದವು.

ಬಗೆ ಕಡಮೆಯಾದರೆ ಬೆಲೆ ಏಕೆ ಇಳಿಯಬೇಕು ಎಂಬ ಸಂದೇಹ ಸಹಜ. ಒಬ್ಬ ವ್ಯಾಪಾರಿ ಹತ್ತು ತಯಾರಕರಿಂದ ನೂರು ನೂರು ಡಬ್ಬಿಗಳನ್ನು ಕೊಂಡರೆ ಹತ್ತು ಮಂದಿಗೂ ಅವನು ಸಣ್ಣ ಗಿರಾಕಿ. ಅದೇ ಸಾವಿರ ಡಬ್ಬಿಗಳನ್ನು ಒಬ್ಬನಿಂದಲೇ ಕೊಂಡರೆ ಆ ತಯಾರಕನಿಗೆ ಅವನು ದೊಡ್ಡ ಗಿರಾಕಿ. ಬೆಲೆ ಇಳಿಸೆಂದು ಕೇಳುವ ಬಲ ಅವನಿಗೆ ಬರುತ್ತದೆ. ಸರಕು ಬೇಗ ಮಾರಿ ಹೋಗುವುದರಿಂದ ಬಂಡವಾಳ ಉಗ್ರಾಣದಲ್ಲಿ ನಿದ್ರಿಸುವುದಿಲ್ಲ. ಕೆಟ್ಟು ಹಾಳಾಗುವುದೂ ಕಡಮೆ. ಅಂಗಡಿ ಸಣ್ಣದಾದುದರಿಂದ ಬಾಡಿಗೆ, ದೀಪ, ಶೀತಕಗಳ ಖರ್ಚೂ ಇಳಿಯುತ್ತದೆ. ಸ್ವಂತ ಹೆಸರಿನ ಸರಕಿನಲ್ಲಿ ಪ್ರಸಿದ್ಧ ಹೆಸರಿನ ಜಾಹೀರಾತಿಗೆ ತೆರಬೇಕಾದ ಹಣವೂ ಉಳಿಯುತ್ತದೆ.

ಹಣ ತೆರುವ ಸ್ಥಳದಲ್ಲಿಯೂ ಇದೇ ಜಾಣ್ಮೆ. ಲೆಕ್ಕಿಗಳು ಕುಳಿತೇ ಕೆಲಸಮಾಡುತ್ತಾಳೆ. ಪೊಟ್ಟಣಗಳ ಒಂದಕ್ಕಿಂತ ಹೆಚ್ಚು ಮಗ್ಗುಲುಗಳಲ್ಲಿ ಪಟ್ಟೆಪಟ್ಟೆಯಾದ ಸಂಕೇತವನ್ನು ಮುದ್ರಿಸಿರುವುದರಿಂದ ಅದನ್ನು ಹುಡುಕಿ ತಿರುಗಿಸುವ ತೊಂದರೆ ಇಲ್ಲ. ಸಾಮಾನುಗಳು ಯಂತ್ರದ ಮುಂದೆ ಸರಸರನೆ ಸಾಗಿ ಮತ್ತೊಂದು ಗಾಡಿಯಲ್ಲಿ ಬೀಳುತ್ತವೆ. ಚೀಲದಲ್ಲಿ ತುಂಬಿಕೊಡುವವರು ಯಾರೂ ಇಲ್ಲ, ಚೀಲವೂ ಬಿಟ್ಟಿಯಲ್ಲ. ಗಿರಾಕಿಗಳು ಮನೆಯಿಂದ ಚೀಲ ತಂದು, ಗೋಡೆಯ ಬದಿಯ ಹಲಗೆಯ ಬಳಿ ನಿಂತು ತಾವೇ ತುಂಬಿಕೊಳ್ಳುತ್ತಾರೆ. ಚೀಲ ಹಿಡಿದು ಸಂತೆಗೆ ಹೋಗುವ ನಮ್ಮ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣಿಸದು.

ಹೀಗೆ ನೋಡಿದರೆ ಅಗ್ಗವೆಂಬುದು ಮಂತ್ರದಿಂದ ಆದುದಲ್ಲ, ದಾನವೂ ಅಲ್ಲ. ಹನಿಹನಿಗೂಡಿ ಹಳ್ಳವಾಗುವಂತೆ ಉಳಿಸಿದ ಸಣ್ಣ ಸಣ್ಣ ಶ್ರಮಗಳು ಕೂಡಿ ಬೆಲೆಯ ಇಳಿಕೆಯಾಗುತ್ತದೆ. ನಮ್ಮ ನ್ಯಾಯಬೆಲೆಯ ಅಂಗಡಿಗೂ ಇದಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ನ್ಯಾಯಬೆಲೆಯ ಅಂಗಡಿಯಲ್ಲಿ ಧಾನ್ಯದ ಬೆಲೆಯನ್ನು ಸರ್ಕಾರವು ತನ್ನ ಬೊಕ್ಕಸದಿಂದ ತುಂಬಿಕೊಡುತ್ತದೆ. ಅಗ್ಗದ ಅಂಗಡಿಯಾದರೋ ಶುದ್ಧ ವ್ಯಾಪಾರ. ಅದು ಲಾಭವಿದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಗಿರಾಕಿಯು ತಾನೇ ಅಡ್ಡಣಿಗೆಗಳ ನಡುವೆ ಓಡಾಡಿ ಬೇಕಾದುದನ್ನು ಆರಿಸಿಕೊಳ್ಳುವ ಪದ್ಧತಿ ಬಹಳ ಹಳೆಯದಲ್ಲ. ಮೊದಲು ಅಂಗಡಿಕಾರನು ಕಟ್ಟೆಯ ಆಚೆ ನಿಂತು, ಗಿರಾಕಿ ಹೇಳಿದುದನ್ನು ತೂಗಿ ಕಟ್ಟಿಕೊಡುತ್ತಿದ್ದನು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರವಾದ ಹೆಸರಿನ ಅಂಗಡಿಯನ್ನು ತೆರೆದು ಈ ಕ್ರಮವನ್ನು ಬದಲಿಸಿದನು. ಗಿರಾಕಿಗಳು ಬುಟ್ಟಿ ಹಿಡಿದು ಒಳಗೆ ಹೋಗಿ, ತಾವೇ ಸಾಮಾನು ತೆಗೆದುಕೊಂಡು, ಹೊರಗೆ ಬರುವಾಗ ಹಣ ತೆರುವ ವ್ಯವಸ್ಥೆ ಅಲ್ಲಿ ಪ್ರಾರಂಭವಾಯಿತು. 1930ರಲ್ಲಿ ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ ಮೈಕೇಲ್ ಕಲನ್ ಎಂಬಾತನು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಪಾಳುಬಿದ್ದ ಮೋಟಾರು ಕೊಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು, ಸರಕನ್ನು ರಾಶಿರಾಶಿಯಾಗಿ ಪೇರಿಸಿ ಕಡಮೆ ಬೆಲೆಗೆ ಮಾರತೊಡಗಿದನು. ಕೆಲಸ ಕಳೆದುಕೊಂಡಿದ್ದ ಜನ ದೂರದೂರದಿಂದ ಅಲ್ಲಿಗೆ ಬಂದರು. 1937ರಲ್ಲಿ ಒಕ್ಲಹೋಮ ನಗರದ ವ್ಯಾಪಾರಿ ಸಿಲ್ವನ್ ಗೋಲ್ಡ್‌ಮನ್ ಎಂಬಾತನು, ಬುಟ್ಟಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಕಂಡು, ಮಡಿಸುವ ಕುರ್ಚಿಯ ಮಾದರಿಯಲ್ಲಿ ತಳ್ಳುಗಾಡಿಯನ್ನು ರಚಿಸಿದನು. ಮೊದಮೊದಲು ಅದನ್ನು ಮುಟ್ಟಲು ಜನ ನಾಚಿದರು. ಗಾಡಿ ತಳ್ಳುತ್ತಾ ಓಡಾಡಲು ಸಂಬಳ ಕೊಟ್ಟು ಕೆಲವರನ್ನು ನೇಮಿಸಿದ ಮೇಲೆ ಉಳಿದವರು ಅವರನ್ನು ಅನುಸರಿಸಿದರು. ಪಟ್ಟೆಯ ಸಂಕೇತವನ್ನು ಯಂತ್ರದಿಂದ ಓದಿ ಲೆಕ್ಕಹಾಕುವ ಕ್ರಮ 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದೊಡನೆ ಆರಂಭವಾಯಿತು.

ಅಗ್ಗದ ಅಂಗಡಿಯ ಮೂಲವಾದರೋ ಅಮೆರಿಕದಲ್ಲಿಲ್ಲ. ಜರ್ಮನಿಯ ರೂರ್ ಪ್ರದೇಶ ಕಲ್ಲಿದ್ದಲ ಗಣಿಗಳಿಗೆ ಹೆಸರಾದುದು. ಅಲ್ಲಿನ ಎಸ್ಸೆನ್ ನಗರದ ಷೊನ್ನೆಬೆಕ್ ಎಂಬ ಗಣಿಕಾರ್ಮಿಕರ ಬಡಾವಣೆಯಲ್ಲಿ ಆನಾ ಆಲ್ಬ್ರೆಕ್ಟ್ ಎಂಬ ಮಹಿಳೆ 1913ರಲ್ಲಿ ಒಂದು ಚಿಕ್ಕ ದಿನಸಿ ಅಂಗಡಿಯನ್ನು ತೆರೆದಳು. ಆಕೆಯ ಗಂಡ ಗಣಿಯಲ್ಲಿ ದುಡಿದು, ಆಮೇಲೆ ರೊಟ್ಟಿಯ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದವನು. ಎರಡನೆಯ ಮಹಾಯುದ್ಧದಲ್ಲಿ ಎಸ್ಸೆನ್ ನಗರ ಬಾಂಬಿನ ದಾಳಿಗೆ ಸಿಕ್ಕಿ ಹಾಳಾಯಿತು. 1946ರಲ್ಲಿ ಆಕೆಯ ಮಕ್ಕಳಾದ ಕಾರ್ಲ್ ಮತ್ತು ಥಿಯೊ ತಾಯಿಯ ಅಂಗಡಿಯನ್ನು ವಹಿಸಿಕೊಂಡರು. ನಾನಾ ಬಗೆಯ ಸಾಮಾನು ತುಂಬಿಸಲು ಅವರಲ್ಲಿ ಬಂಡವಾಳವಿರಲಿಲ್ಲ. ಜನರ ಕೈಯಲ್ಲಿ ಹಣವೂ ಇರಲಿಲ್ಲ. ಆದುದರಿಂದ ಎಲ್ಲರಿಗೂ ನಿತ್ಯ ಬೇಕಾಗುವ ಕೆಲವೇ ವಸ್ತುಗಳನ್ನು ಇಟ್ಟರು. ಕೊರತೆಯಿಂದ ಹುಟ್ಟಿದ ಈ ಕ್ರಮವೇ ಲಾಭಕರವೆಂಬುದು ಕ್ರಮೇಣ ಅವರಿಗೆ ತಿಳಿಯಿತು. ಬಂಡವಾಳ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಆ ಕಾಲದಲ್ಲಿ ಬೇರೆ ಅಂಗಡಿಗಳು ಸೋಡಿಯ ಚೀಟಿಗಳನ್ನು ಕೊಡುತ್ತಿದ್ದುವು. ಗಿರಾಕಿಗಳು ಅವನ್ನು ಕೂಡಿಟ್ಟು, ಬಹುದಿನಗಳ ಮೇಲೆ ಒಪ್ಪಿಸಿ ಹಣ ಪಡೆಯಬೇಕಾಗಿತ್ತು. ಈ ಸೋದರರು ಕಾನೂನು ಒಪ್ಪುತ್ತಿದ್ದ ಗರಿಷ್ಠ ಸೋಡಿಯಾದ ಶೇಕಡ 3ನ್ನು ಬೆಲೆಯಲ್ಲಿಯೇ ಮೊದಲು ಇಳಿಸಿಬಿಟ್ಟರು. ನಾಳೆಯ ಸೋಡಿಗಿಂತ ಇಂದಿನ ಇಳಿಕೆ ಬಡವನಿಗೆ ಹೆಚ್ಚು ಪ್ರಯೋಜನಕಾರಿ ಎಂಬುದನ್ನು ಗಣಿಕಾರ್ಮಿಕರ ನಡುವೆ ಬೆಳೆದ ಅವರು ಚೆನ್ನಾಗಿ ಬಲ್ಲವರಾಗಿದ್ದರು. 1950ರ ವೇಳೆಗೆ ಅವರ ಅಂಗಡಿಗಳು 13 ಆದುವು. 1960ರ ವೇಳೆಗೆ 300 ಆದುವು. ಹಣ ತೆರುವ ಕಟ್ಟೆಯ ಬಳಿ ಸಿಗರೇಟು ಮಾರಬೇಕೆ ಬೇಡವೆ ಎಂಬ ವಿಷಯದಲ್ಲಿ ಸೋದರರಿಗೆ ಭಿನ್ನಾಭಿಪ್ರಾಯ ಬಂದು, ಒಬ್ಬನು ಉತ್ತರ ಜರ್ಮನಿಯನ್ನೂ ಮತ್ತೊಬ್ಬನು ದಕ್ಷಿಣ ಜರ್ಮನಿಯನ್ನೂ ಹಂಚಿಕೊಂಡರು. 'ಆಲ್ಬ್ರೆಕ್ಟ್ ಡಿಸ್ಕೌಂಟ್' ಎಂಬೆರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿದಾಗ ಆಲ್ಡಿ ಎಂಬ ಹೆಸರಾಯಿತು. ದಕ್ಷಿಣದ ಶಾಖೆ 1976ರಲ್ಲಿ ಅಯೋವಾ ರಾಜ್ಯದ ಮೂಲಕ ಅಮೆರಿಕವನ್ನು ಪ್ರವೇಶಿಸಿತು.

ಇಂತಹ ಅಂಗಡಿ ಸಮೀಪದಲ್ಲಿಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಕ್ಯಾಪ್ಲೊವಿಟ್ಜ್ ಎಂಬುವರು ನ್ಯೂಯಾರ್ಕ್ ನಗರದ ಬಡ ಕುಟುಂಬಗಳ ಕೊಳ್ಳುವಿಕೆಯನ್ನು ಪರಿಶೀಲಿಸಿ 1963ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 'ಬಡವರೇ ಹೆಚ್ಚು ತೆರುತ್ತಾರೆ' ಎಂಬುದು ಅದರ ಹೆಸರಿನ ಅರ್ಥ. ಪೀಠೋಪಕರಣ, ದೂರದರ್ಶನ ಮೊದಲಾದವನ್ನು ಕಂತಿನ ಮೇಲೆ ಕೊಳ್ಳುವ ಬಡವರು ಅದೇ ವಸ್ತುವಿಗೆ ಇತರರಿಗಿಂತ ಹೆಚ್ಚು ಬೆಲೆ ತೆರುತ್ತಿದ್ದರೆಂದು ಅವರು ತೋರಿಸಿಕೊಟ್ಟರು. ಕಡಮೆ ಹಣವಿರುವವನು ಹೆಚ್ಚು ಹಣ ತೆರುವುದು ಕೇಳಲು ವಿಚಿತ್ರವಾದರೂ ಅದಕ್ಕೆ ಸ್ಪಷ್ಟವಾದ ಕಾರಣಗಳಿವೆ. ಮೊದಲನೆಯದಾಗಿ, ಬಡವನಲ್ಲಿ ಒಟ್ಟಿಗೆ ಹಣವಿರುವುದಿಲ್ಲ. ಒಂದು ಕಿಲೊ ತೊಗರಿಬೇಳೆಗೆ 150 ರೂಪಾಯಿ, 100 ಗ್ರಾಮಿನ ಪೊಟ್ಟಣಕ್ಕೆ 20 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಗೂಲಿಯಿಂದ 20 ರೂಪಾಯಿಯನ್ನಷ್ಟೇ ಬೇಳೆಗಾಗಿ ತೆಗೆದಿಡಬಲ್ಲವನು ಹತ್ತು ದಿನಗಳಲ್ಲಿ ಅದೇ ಒಂದು ಕಿಲೊ ಬೇಳೆಗೆ 200 ರೂಪಾಯಿ ತೆತ್ತಿರುತ್ತಾನೆ. ಅವನು ಕಳೆದುಕೊಂಡ 50 ರೂಪಾಯಿ ಅವನ ಅವಿವೇಕದ ಫಲವಲ್ಲ, ಬಡತನದ ಸುಂಕ. ಎರಡನೆಯದಾಗಿ, ಅವನಿಗೆ ವಾಹನವಿಲ್ಲ. ದೂರದ ಅಗ್ಗದ ಅಂಗಡಿಗೆ ಹೋಗಿಬರುವ ಬಸ್ಸಿನ ಖರ್ಚು ಉಳಿತಾಯವನ್ನು ನುಂಗಿಬಿಡುತ್ತದೆ. ಆದುದರಿಂದ ಬೀದಿಯ ಮೂಲೆಯ ಸಣ್ಣ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹೇಳಿದ ಬೆಲೆಗೆ ಕೊಳ್ಳಬೇಕಾಗುತ್ತದೆ. ಷಿಕಾಗೊವಿನ ಬಡ ಬಡಾವಣೆಗಳಲ್ಲಿ ಅಂತಹ ಅಂಗಡಿಗಳಲ್ಲಿ ಬಹುಮಟ್ಟಿಗೆ ದೊರೆಯುವುದು ಹುರಿದ ತಿಂಡಿ, ಸಿಹಿ ಪಾನೀಯ ಮತ್ತು ಮದ್ಯ. ಹಸಿರು ತರಕಾರಿ ವಿರಳ.

ಸಣ್ಣ ಅಂಗಡಿಕಾರನನ್ನು ಇದಕ್ಕಾಗಿ ನಿಂದಿಸುವುದು ನ್ಯಾಯವಲ್ಲ. ಅವನು ಸ್ವಲ್ಪ ಸ್ವಲ್ಪವಾಗಿ ಸರಕು ತರುವುದರಿಂದ ಅವನಿಗೂ ಬೆಲೆ ಹೆಚ್ಚು ಬೀಳುತ್ತದೆ. ಅಲ್ಲದೆ ಮುಖ ನೋಡಿ ಉದ್ದರಿ ಕೊಡುವವನು ಅವನೇ. ಮನೆಯಲ್ಲಿ ಕಾಯಿಲೆಯಿದ್ದಾಗ 'ಹೇಗಿದ್ದಾರೆ' ಎಂದು ಕೇಳುವವನೂ ಅವನೇ. ಅಗ್ಗದ ಅಂಗಡಿಯಲ್ಲಿ ಸಾಲವೂ ಇಲ್ಲ, ಮಾತೂ ಇಲ್ಲ. ಅಲ್ಲಿ ಉಳಿಯುವ ಹಣದ ಜೊತೆಗೆ ಕಳೆಯುವ ವಸ್ತುವೊಂದೂ ಇದೆ ಎಂಬುದನ್ನು ಮರೆಯಬಾರದು.

ಸಮೀಪದಲ್ಲಿ ಒಳ್ಳೆಯ ಆಹಾರದ ಅಂಗಡಿಯಿಲ್ಲದ ಪ್ರದೇಶಕ್ಕೆ 'ಆಹಾರದ ಮರುಭೂಮಿ' ಎಂಬ ಹೆಸರು 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. ಬಡವರಿರುವ ನಗರಭಾಗದಲ್ಲಿ ಗಣನೀಯವಾದಷ್ಟು ಮಂದಿಗೆ ಒಂದು ಮೈಲಿಯೊಳಗೆ ದೊಡ್ಡ ದಿನಸಿ ಅಂಗಡಿಯಿಲ್ಲದಿರುವುದನ್ನು ಅಮೆರಿಕದ ಕೃಷಿ ಇಲಾಖೆ ಇದರ ಒಂದು ಅಳತೆಯಾಗಿ ಬಳಸಿತು. ಒಂದು ಮೈಲಿ ಎಂದರೆ ಸುಮಾರು 1.6 ಕಿಲೊಮೀಟರ್. ಆರೋಗ್ಯವಂತನಾದ ಬಾಲಕನಿಗೆ ಇದು ದೂರವೆನಿಸದು. ಆದರೆ ಷಿಕಾಗೊವಿನ ಚಳಿಗಾಲದಲ್ಲಿ, ಹಿಮ ಬಿದ್ದ ಹಾದಿಯಲ್ಲಿ, ಎರಡು ಕೈಗಳಲ್ಲಿ ಹಾಲು, ಹಿಟ್ಟು, ಆಲೂಗೆಡ್ಡೆಯ ಚೀಲಗಳನ್ನು ಹಿಡಿದು, ಮಗುವೊಂದನ್ನು ಕರೆದುಕೊಂಡು ನಡೆಯುವ ತಾಯಿಗೆ ಆ ಮೈಲಿ ಬಹಳ ಉದ್ದವಾಗಿರುತ್ತದೆ.

ಆ ತಾಯಿ ಅಂಗಡಿಯಲ್ಲಿ ಹೇಗೆ ಕೊಳ್ಳುತ್ತಾಳೆಂಬುದನ್ನು ನೋಡಿದರೆ ಅವಳ ಗಣಿತಜ್ಞಾನಕ್ಕೆ ಬೆರಗಾಗಬೇಕು. ಬಡ ಕುಟುಂಬಗಳಿಗೆ ಆಹಾರ ಕೊಳ್ಳಲು ಅಮೆರಿಕದ ಸರ್ಕಾರ ನೆರವು ನೀಡುತ್ತದೆ. 1939ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಪ್ರಯೋಗವಾಗಿ ಆರಂಭವಾದ ಆಹಾರ ಚೀಟಿಯ ಯೋಜನೆಗೆ 1964ರಲ್ಲಿ ಶಾಶ್ವತವಾದ ಕಾಯಿದೆಯ ರೂಪ ದೊರೆಯಿತು. ಆಗ ಕಾಗದದ ಚೀಟಿಗಳನ್ನು ಪುಸ್ತಕದಿಂದ ಹರಿದು ಕೊಡಬೇಕಾಗಿತ್ತು. ಸಾಲಿನಲ್ಲಿ ಹಿಂದೆ ನಿಂತವರೆಲ್ಲರಿಗೂ 'ಇವಳು ಬಡವಳು' ಎಂದು ಸಾರಿ ಹೇಳಿದಂತಾಗುತ್ತಿತ್ತು. 2004ರ ವೇಳೆಗೆ ಎಲ್ಲ ರಾಜ್ಯಗಳಲ್ಲಿಯೂ ಚೀಟಿಯ ಬದಲು ಪ್ಲಾಸ್ಟಿಕ್ ಕಾರ್ಡು ಬಂದಿತು. ಬ್ಯಾಂಕಿನ ಕಾರ್ಡಿನಂತೆಯೇ ಇರುವ ಅದನ್ನು ಯಂತ್ರದಲ್ಲಿ ಎಳೆದರೆ ಸಾಕು, ಯಾರಿಗೂ ವಿಷಯ ಅಷ್ಟು ಸುಲಭವಾಗಿ ತಿಳಿಯದು. ಬೆಲೆಯ ಇಳಿಕೆಯಂತೆಯೇ ಮಾನದ ರಕ್ಷಣೆಯೂ ಬಡವನಿಗೆ ಸಲ್ಲಬೇಕಾದುದು ಎಂಬ ಅರಿವು ಇಂತಹ ಚಿಕ್ಕ ಬದಲಾವಣೆಗಳಿಂದ ಮೂಡುತ್ತದೆ.

ಆದರೂ ಕಷ್ಟ ಪೂರ್ಣವಾಗಿ ತಪ್ಪಿಲ್ಲ. ಆ ಕಾರ್ಡಿನಿಂದ ಆಹಾರವನ್ನು ಕೊಳ್ಳಬಹುದೇ ಹೊರತು ಸಾಬೂನನ್ನು ಕೊಳ್ಳುವಂತಿಲ್ಲ. ಆದುದರಿಂದ ಆಕೆ ಕಟ್ಟೆಯ ಮೇಲೆ ಸಾಮಾನುಗಳನ್ನು ಇಡುವಾಗಲೇ ಎರಡು ಗುಂಪು ಮಾಡುತ್ತಾಳೆ: ಅಕ್ಕಿ, ಹುರುಳಿ, ಮೊಟ್ಟೆ, ಹಾಲುಗಳು ಒಂದು ಕಡೆ; ಸಾಬೂನು, ಕಾಗದಗಳು ಇನ್ನೊಂದು ಕಡೆ. ತಿಂಗಳ ಕೊನೆಯ ವಾರದಲ್ಲಿ ಕಾರ್ಡಿನ ಮೊಬಲಗು ಮುಗಿಯುತ್ತ ಬಂದಿರುತ್ತದೆ. ಗಾಡಿಯಲ್ಲಿ ಒಂದೊಂದು ವಸ್ತುವನ್ನು ಇಡುವಾಗಲೂ ಆಕೆ ಮನಸ್ಸಿನಲ್ಲಿ ಕೂಡುತ್ತ ಹೋಗುತ್ತಾಳೆ. ಲೆಕ್ಕ ತಪ್ಪಿದರೆ ಎಲ್ಲರೆದುರಿಗೆ ಯಾವುದಾದರೊಂದನ್ನು ಹಿಂದಕ್ಕೆ ಕೊಡಬೇಕು. ಹಣ್ಣನ್ನು ಕೊಡುವುದೋ, ಮಗು ಆಸೆಪಟ್ಟು ಹಿಡಿದುಕೊಂಡಿರುವ ಬಿಸ್ಕತ್ತನ್ನು ಕೊಡುವುದೋ? ಬೆಲೆ ಹತ್ತು ಸೆಂಟು ಇಳಿದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಗ್ಗದ ಅಂಗಡಿಯ ನಿಜವಾದ ಬೆಲೆ ತಿಳಿಯುವುದು ಇಂತಹ ಗಳಿಗೆಯಲ್ಲಿ.

ಇಷ್ಟು ಉಪಯುಕ್ತವಾದ ಅಂಗಡಿ ಬಡಾವಣೆಯಲ್ಲಿ ಶಾಶ್ವತವಾಗಿ ನಿಲ್ಲುವುದೆಂಬ ಭರವಸೆ ಮಾತ್ರ ಇಲ್ಲ. ಷಿಕಾಗೊವಿನ ಪಶ್ಚಿಮ ಭಾಗದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿದ್ದ ಆಲ್ಡಿ ಅಂಗಡಿ 2021ರಲ್ಲಿ ಮುಚ್ಚಿತು. ದಕ್ಷಿಣ ಭಾಗದ ಆಬರ್ನ್ ಗ್ರೆಷಮ್ ಬಡಾವಣೆಯ ಅಂಗಡಿ 2022ರಲ್ಲಿ ಮುಚ್ಚಿತು. ಎಂಗಲ್‌ವುಡ್ ಎಂಬ ಬಡಾವಣೆಯಲ್ಲಿ 2016ರಲ್ಲಿ ಬಹಳ ಉತ್ಸಾಹದಿಂದ ತೆರೆದ, ಸಾಮಾನ್ಯವಾಗಿ ಸ್ಥಿತಿವಂತರೇ ಹೋಗುವ ಹೋಲ್ ಫುಡ್ಸ್ ಎಂಬ ಬೇರೊಂದು ಸಂಸ್ಥೆಯ ಅಂಗಡಿಯೂ 2022ರಲ್ಲಿ ಬಾಗಿಲು ಹಾಕಿತು. ವ್ಯಾಪಾರಿಯ ದೃಷ್ಟಿಯಿಂದ ಇದು ಲಾಭನಷ್ಟದ ಪ್ರಶ್ನೆ. ಆದರೆ ಬಾಗಿಲಿಗೆ ಅಂಟಿಸಿದ ಕಾಗದವನ್ನು ಓದಿ ಬರಿಯ ಚೀಲ ಹಿಡಿದು ಹಿಂದಿರುಗುವ ವೃದ್ಧರಿಗೆ ಅದು ಮುಂದಿನ ಊಟದ ಪ್ರಶ್ನೆ. ತಮ್ಮ ನೆರೆಹೊರೆಯ ಅಂಗಡಿ ಮುಚ್ಚಬೇಕೆ ತೆರೆದಿರಬೇಕೆ ಎಂಬ ನಿರ್ಣಯದಲ್ಲಿ ಅವರಿಗೆ ಯಾವ ಪಾತ್ರವೂ ಇರಲಿಲ್ಲ.

ಅಂಗಡಿ ತೆರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಭಾವಿಸುವುದೂ ತಪ್ಪು. ಅಮೆರಿಕದ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಒಂದು ವಿಸ್ತಾರವಾದ ಅಧ್ಯಯನದ ಪ್ರಕಾರ, ಸಮೀಪದಲ್ಲಿ ಹೊಸ ಅಂಗಡಿ ಬಂದುದರಿಂದ ಬಡವರ ಆಹಾರಕ್ರಮ ಹೆಚ್ಚೇನೂ ಬದಲಾಗಲಿಲ್ಲ. ಅವರಲ್ಲಿ ಬಹುಮಂದಿ ಮೊದಲೇ ಕಷ್ಟಪಟ್ಟು ದೂರದ ಅಂಗಡಿಗೆ ಹೋಗಿಬರುತ್ತಿದ್ದವರು. ಅಂಗಡಿ ಅವರ ಶ್ರಮವನ್ನು ಇಳಿಸಬಲ್ಲುದು. ಆದಾಯವನ್ನಾಗಲಿ, ಅಡುಗೆಗೆ ಬೇಕಾದ ಬಿಡುವನ್ನಾಗಲಿ ಅದು ಕೊಡಲಾರದು.

ಕೊಳ್ಳುವವರೇ ಅಂಗಡಿಯ ಒಡೆಯರಾದರೆ ಹೇಗೆ ಎಂಬ ಯೋಚನೆ ಬಹಳ ಹಿಂದೆಯೇ ಬಡವರಿಗೆ ಹೊಳೆದಿತ್ತು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಮಂದಿ ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ, ವಾರಕ್ಕೆ ಕೆಲವು ಪೆನ್ನಿಗಳಂತೆ ಕೂಡಿಸಿ, ತಲೆಗೊಂದು ಪೌಂಡು ಬಂಡವಾಳ ಹಾಕಿದರು. 1844ರ ಡಿಸೆಂಬರ್ 21ರ ಚಳಿಯ ಸಂಜೆ ಅವರು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದಾಗ ಅಲ್ಲಿದ್ದುದು ಸ್ವಲ್ಪ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು ಮೊದಲಾದ ಕೆಲವೇ ಪದಾರ್ಥಗಳು. ಕಲಬೆರಕೆ ಹೆಚ್ಚಾಗಿದ್ದ ಆ ಕಾಲದಲ್ಲಿ ಶುದ್ಧವಾದ ಸರಕು, ಸರಿಯಾದ ತೂಕ, ನಗದು ವ್ಯಾಪಾರ, ತಲೆಗೊಂದು ಮತ ಎಂಬ ನಿಯಮಗಳನ್ನು ಅವರು ಹಾಕಿಕೊಂಡರು. ಬಂದ ಲಾಭವನ್ನು ಸದಸ್ಯರು ಕೊಂಡ ಸರಕಿನ ಪ್ರಮಾಣಕ್ಕೆ ತಕ್ಕಂತೆ ಹಂಚಿದರು. ಈ ಮಾರ್ಗ ಜಗತ್ತಿನಾದ್ಯಂತ ಹಬ್ಬಿತು. 1904ರಲ್ಲಿ ಮದರಾಸಿನ ಟ್ರಿಪ್ಲಿಕೇನಿನಲ್ಲಿ ಇದೇ ಮಾದರಿಯ ಸಹಕಾರಿ ಭಂಡಾರ ಸ್ಥಾಪಿತವಾಯಿತು. ಕರ್ನಾಟಕದ ನಗರಗಳಲ್ಲಿ 'ಜನತಾ ಬಜಾರ್' ಎಂಬ ಹೆಸರಿನಿಂದ ಜನ ಬಲ್ಲ ಗ್ರಾಹಕರ ಸಹಕಾರಿ ಭಂಡಾರಗಳೂ ಈ ಪರಂಪರೆಗೆ ಸೇರಿದುವೇ. ಸಹಕಾರಿ ಅಂಗಡಿಗಳೆಲ್ಲವೂ ಯಶಸ್ವಿಯಾಗಲಿಲ್ಲ. ಜಾಗರೂಕತೆ ಇಲ್ಲದೆಡೆ ಅವೂ ನಷ್ಟಕ್ಕೆ ಸಿಕ್ಕಿ ಮುಚ್ಚಿದುವು. ಅಂಗಡಿಗೆ ಸದಾಶಯ ಬೇಕು, ಅದರ ಜೊತೆಗೆ ಆಲ್ಬ್ರೆಕ್ಟ್ ಸೋದರರಂತಹ ಬಿಗಿಯಾದ ಲೆಕ್ಕವೂ ಬೇಕು.

ಅಗ್ಗವೆಂದೊಡನೆ ಕಣ್ಣುಮುಚ್ಚಿ ಕೊಳ್ಳುವುದು ಜಾಣತನವಲ್ಲ. ಅಗ್ಗಕ್ಕೆ ಮುಗ್ಗಲು ಜೋಳ ಕೊಂಡಂತೆ ಆಗಬಾರದು. ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಬೆಲೆಗಿಂತ ಸಣ್ಣ ಅಕ್ಷರದಲ್ಲಿರುವ ತೂಕವನ್ನು ಮೊದಲು ನೋಡಬೇಕು. ಎರಡು ಪೊಟ್ಟಣಗಳ ಬೆಲೆ ಒಂದೇ ಇದ್ದು ತೂಕ ಬೇರೆ ಇರುವುದುಂಟು. ಬೆಲೆ ಏರಿಸದೆ ತೂಕವನ್ನು ಇಳಿಸಿರುವುದೂ ಉಂಟು. ಭಾರತದಲ್ಲಿ 2011ರಿಂದ ಜಾರಿಯಲ್ಲಿರುವ ಪೊಟ್ಟಣದ ಸರಕುಗಳ ನಿಯಮಗಳ ಪ್ರಕಾರ ತಯಾರಕರ ವಿವರ, ನಿವ್ವಳ ತೂಕ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಮಾರಾಟ ಬೆಲೆ ಇವುಗಳನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. 2021ರಲ್ಲಿ ಆದ ತಿದ್ದುಪಡಿಯ ಮೂಲಕ ಏಕಮಾನದ ಬೆಲೆಯನ್ನೂ, ಎಂದರೆ ಒಂದು ಕಿಲೊಗಿಂತ ಕಡಮೆಯಿದ್ದರೆ ಗ್ರಾಮಿಗೆ ಎಷ್ಟು, ಹೆಚ್ಚಿದ್ದರೆ ಕಿಲೊಗೆ ಎಷ್ಟು ಎಂಬುದನ್ನೂ ಸಾಮಾನ್ಯವಾಗಿ ತಿಳಿಸಬೇಕೆಂದಾಯಿತು. ಶಾಲೆಯಲ್ಲಿ ಕಲಿತ ಭಾಗಾಕಾರ ಬೀದಿಯಲ್ಲಿ ಕೆಲಸಕ್ಕೆ ಬರುವುದು ಇಲ್ಲಿಯೇ. ಅಂಗಡಿಗೆ ಹೋಗುವಾಗ ಮನೆಯಲ್ಲಿ ಬರೆದುಕೊಂಡ ಪಟ್ಟಿಯನ್ನು ಒಯ್ಯುವವನು ಬೇಡದುದನ್ನು ಕೊಳ್ಳುವುದಿಲ್ಲ. ಪೊಟ್ಟಣವನ್ನು ತಿರುಗಿಸಿ ಓದುವವನು ಸುಲಭವಾಗಿ ಮೋಸಹೋಗುವುದಿಲ್ಲ.

ಷೊನ್ನೆಬೆಕ್‌ನ ಗಣಿಕಾರ್ಮಿಕನ ಹೆಂಡತಿ, ರಾಚ್‌ಡೇಲಿನ ನೇಕಾರ, ಷಿಕಾಗೊವಿನ ತಾಯಿ, ನಮ್ಮ ಊರಿನ ಕೂಲಿಯ ಹೆಣ್ಣುಮಗಳು ಇವರೆಲ್ಲರೂ ಒಂದೇ ಲೆಕ್ಕವನ್ನು ಬಿಡಿಸುತ್ತ ಬಂದಿದ್ದಾರೆ: ಕೈಯಲ್ಲಿರುವಷ್ಟು ಹಣದಲ್ಲಿ ಮನೆಯವರ ಹೊಟ್ಟೆ ತುಂಬಬೇಕು, ಅಂಗಡಿಯವನ ಮುಂದೆ ತಲೆ ತಗ್ಗಬಾರದು. ಈ ಲೆಕ್ಕವನ್ನು ಸುಲಭಗೊಳಿಸುವ ಅಂಗಡಿ, ಅದರ ಗೋಡೆಗೆ ಬಣ್ಣವಿಲ್ಲದಿದ್ದರೂ, ಸಮಾಜಕ್ಕೆ ಉಪಕಾರಿಯಾದುದು. ಅದು ಎಲ್ಲಿರಬೇಕು, ಹೇಗೆ ನಡೆಯಬೇಕು, ಯಾರ ಕೈಯಲ್ಲಿರಬೇಕು ಎಂಬುದನ್ನು ವ್ಯಾಪಾರಿಯೊಬ್ಬನೇ ಯೋಚಿಸಿದರೆ ಸಾಲದು. ಅಲ್ಲಿ ಚೀಲ ಹಿಡಿದು ನಿಲ್ಲುವವರೂ ಯೋಚಿಸಬೇಕು.